ಪ್ರಶ್ನೋತ್ತರ: ‘ಮಾಹಿತಿ ಸಾಕ್ಷರತೆ’ ಯಾರ ಕೂಸು, ಯಾರು ಸಾಕಿದ್ದು? ಮೇಷ್ಟ್ರನ್ನ ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಇವತ್ತು 3 ಗಂಟೆಯಿಂದ ನಮ್ಮ ಜೊತೆ ಲೈಬ್ರರಿ ಮೇಷ್ಟ್ರು ಇರ್ತಾರೆ. ಕಾಲೇಜು ಲೈಬ್ರರಿಯನ್, ಪಿಎಚ್‌ಡಿ ಕೂಡ ಇದೇ ವಿಷಯದಲ್ಲಿ. ಇನ್ಫರ್ಮೇಶನ್ ಲಿಟರಸಿ, ಅಂದ್ರೆ ಮಾಹಿತಿ ಹುಡುಕಿ, ತೂಗಿ, ಬಳಸೋ ‘ಮಾಹಿತಿ ಸಾಕ್ಷರತೆ’ ಅನ್ನೋ ಕಲ್ಪನೆ ಸಂಶೋಧನೆಗಳಲ್ಲಿ ಹೇಗೆ ಬದಲಾಗ್ತಾ ಬಂತು ಅಂತ ಕೇಳ್ಬಹುದು. ಒಬ್ರಿಗೆ ಒಂದೇ ಪ್ರಶ್ನೆ. ಗುಲಾಬಿ ಹೂವಿನ ಸ್ಟಿಕ್ಕರ್ ಬೇಡ.

ಕೆಸೆಟ್ ತಯಾರಿ: ಸರ್ ಈ ಪದ ಮೊದಲು ಬಳಸಿದ್ದು ಯಾರು, ಯಾವ ವರ್ಷ?

ಮೇಷ್ಟ್ರು: ಪಾಲ್ ಝುರ್ಕೋವ್ಸ್ಕಿ, 1974, ಅಮೆರಿಕ.

ಪರದಾಟ ಪಿಎಚ್‌ಡಿ: ಸರ್ ನನ್ನ ಟಾಪಿಕ್ಕೇ ಇದು. ಸ್ಕೋಪಸ್ ಅನ್ನೋ ಸಂಶೋಧನಾ ಲೇಖನಗಳ ಡೇಟಾಬೇಸ್‌ನಲ್ಲಿ ಇನ್ಫರ್ಮೇಶನ್ ಲಿಟರಸಿ ಅಂತ ಹಾಕಿ ಬಂದಿದ್ದೆಲ್ಲಾ ಇಳಿಸ್ಕೊಂಡು ಪದಗಳ ನಂಟನ್ನ ಮ್ಯಾಪ್ ಮಾಡೋ ವಿಓಎಸ್‌ವ್ಯೂವರ್ ಸಾಫ್ಟ್‌ವೇರ್‌ಗೆ ಕೊಟ್ಟೆ, ಬಣ್ಣಬಣ್ಣದ ಚುಕ್ಕಿ ಮ್ಯಾಪ್ ಬಂತು, ನೋಡೋಕ್ ಚೆನ್ನಾಗಿದೆ. ಗೈಡು ‘ಈ ಕಲ್ಪನೆ 1974ರಲ್ಲಿ ಹುಟ್ಟಿತು, ಅಲ್ಲಿಂದ ಸತತ ಬೆಳೆಯಿತು’ ಅಂತ ಮೊದಲ ಅಧ್ಯಾಯ ಬರಿ ಅಂತಾರೆ. ಬರೀಲಾ ಸರ್?

ಮೇಷ್ಟ್ರು: ಬರೀಬೇಡಮ್ಮ. ಅದು ನಾಮಕರಣದ ದಿನವೇ ಮಗು ಹುಟ್ಟಿದ್ದು ಅಂದಂಗೆ. ಹೆಸರು 1974ರದ್ದು ಸರಿ, ಆದ್ರೆ ಅದಕ್ಕೂ ಮುಂಚೆ ಯೂಸರ್ ಎಜುಕೇಶನ್, ಲೈಬ್ರರಿ ಇನ್‌ಸ್ಟ್ರಕ್ಷನ್, ಬಿಬ್ಲಿಯೋಗ್ರಾಫಿಕ್ ಇನ್‌ಸ್ಟ್ರಕ್ಷನ್ ಅಂತ ಬೇರೆ ಬೇರೆ ಹೆಸರಲ್ಲಿ ಲೈಬ್ರರಿಯನ್ನುಗಳು ಲೈಬ್ರರಿ ಬಳಸೋ ಪಾಠ ಮಾಡ್ತಾನೇ ಇದ್ರು, ಬರೀತಾನೂ ಇದ್ರು, ನಿನ್ನ ಸರ್ಚಿಗೆ ಆ ಹೆಸರು ಕೊಟ್ಟಿಲ್ಲ ಅದಕ್ಕೆ ಬಂದಿಲ್ಲ. ಸಾಫ್ಟ್‌ವೇರು ಪದ ಎಣಿಸತ್ತೆ, ವಿಚಾರ ಎಣಿಸಲ್ಲ.

ಎರಡನೇದು ‘ಸತತ ಬೆಳೆಯಿತು’ ಅನ್ನೋದು. ಒಂದೇ ಗಿಡ ಬೆಳೆದಿದ್ದಲ್ಲ ಇದು, ಒಂದೇ ಬೋರ್ಡು ಇಟ್ಕೊಂಡು ಅಂಗಡಿ ಮಾಲೀಕರು ಬದಲಾಗಿದ್ದು. ಝುರ್ಕೋವ್ಸ್ಕಿ ಲೈಬ್ರರಿಯವನಲ್ಲ, ಮಾಹಿತಿ ಮಾರೋ ಕಂಪನಿಗಳ ಸಂಘದ ಅಧ್ಯಕ್ಷ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಆಯೋಗಕ್ಕೆ ಕೊಟ್ಟ ವರದಿಯಲ್ಲಿ, ಕೆಲಸದ ಜಾಗದಲ್ಲಿ ಸಮಸ್ಯೆ ಬಗೆಹರಿಸೋಕೆ ಮಾಹಿತಿ ಸಾಧನ ಬಳಸೋ ತರಬೇತಿ ಇದ್ದೋರನ್ನ ಮಾಹಿತಿ ಸಾಕ್ಷರರು ಅಂದ, 1984ರೊಳಗೆ ಇಡೀ ದೇಶವೇ ಹಾಗಾಗ್ಬೇಕು ಅಂದ. ಗಿರಾಕಿ ತಯಾರಾದ್ರೆ ತಾನೇ ಮಾಲು ಹೋಗೋದು. ಎರಡೇ ವರ್ಷಕ್ಕೆ, 1976ರಲ್ಲಿ, ಮೇಜರ್ ಓವೆನ್ಸ್ ಇದೇ ಪದ ಎತ್ಕೊಂಡು ಮತದಾರರ ಬಗ್ಗೆ ಮಾತಾಡಿದ. ಅವನು ಲೈಬ್ರರಿಯನ್ ಆಗಿದ್ದು ರಾಜಕೀಯಕ್ಕೆ ಬಂದೋನು, ಮೇಜರ್ ಅನ್ನೋದು ಹೆಸರು, ಮಿಲಿಟರಿ ಅಲ್ಲ. ಮಾಹಿತಿ ಕೈಗೆ ಸಿಕ್ಕ ಮತದಾರ ಚೆನ್ನಾಗಿ ತೀರ್ಮಾನ ಮಾಡ್ತಾನೆ ಅನ್ನೋದು ಅವನ ವಾದ. ಒಂದೇ ಪದ, ಒಬ್ಬನಿಗೆ ಕಾರ್ಮಿಕ, ಇನ್ನೊಬ್ಬನಿಗೆ ಪ್ರಜೆ. ನಿನ್ನ ಮ್ಯಾಪಲ್ಲಿ ಇಬ್ರೂ ಒಂದೇ ಚುಕ್ಕಿ.

ಆಮೇಲೆ 1989ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ ಸಮಿತಿ ‘ಬೇಕು ಅಂತ ಗುರುತಿಸು, ಹುಡುಕು, ತೂಗು, ಬಳಸು’ ಅನ್ನೋ ಅರ್ಥದ ವ್ಯಾಖ್ಯೆ ಕೊಡ್ತು, ನೀವೆಲ್ಲಾ ಬಾಯಿಪಾಠ ಮಾಡೋದು ಅದನ್ನೇ. ಅದರ ಜೊತೆಜೊತೆಗೇ ಕ್ಯಾರಲ್ ಕುಲ್ತಾವ್ ಬೇರೇನೋ ನೋಡ್ತಿದ್ರು. 1991ರ ಲೇಖನ ಓದು, ಹುಡುಕೋ ಹುಡುಗ್ರಿಗೆ ನಡುವೆ ಗಾಬರಿ ಆಗತ್ತೆ, ಗೊಂದಲ ಆಗತ್ತೆ, ಮಾಹಿತಿ ಜಾಸ್ತಿ ಸಿಕ್ಕಷ್ಟೂ ಧೈರ್ಯ ಕುಸಿಯೋ ಒಂದು ಹಂತ ಇದೆ ಅಂತ ತೋರಿಸಿದ್ರು. ಈಗ ನಿನಗೆ ಆಗ್ತಿರೋದೂ ಅದೇ ಅನ್ಸತ್ತೆ. 1997ರಲ್ಲಿ ಆಸ್ಟ್ರೇಲಿಯಾದ ಕ್ರಿಸ್ಟೀನ್ ಬ್ರೂಸ್, ಇದು ಕೌಶಲ್ಯಗಳ ಪಟ್ಟಿ ಅಲ್ಲ, ಜನ ಇದನ್ನ ಏಳು ಬೇರೆ ಬೇರೆ ರೀತಿ ಅನುಭವಿಸ್ತಾರೆ, ಇದಕ್ಕೆ ಏಳು ಮುಖ ಅಂದ್ರು. ಅಷ್ಟು ಹೇಳಿದ ಮೇಲೂ 2000ದಲ್ಲಿ ಅಮೆರಿಕದ ಕಾಲೇಜು ಲೈಬ್ರರಿ ಸಂಘ ಏನು ಮಾಡ್ತು? 5 ಮಾನದಂಡ, ಅದರ ಕೆಳಗೆ 22 ಸೂಚಕ, ಪಟ್ಟಿಯೇ ಪಟ್ಟಿ. ಯಾಕಂದ್ರೆ ಪ್ರಿನ್ಸಿಪಾಲರಿಗೆ ತೋರ್ಸೋಕೆ ಅಂಕಿ ಬೇಕಲ್ಲ. ಅದನ್ನ ಬಿಟ್ಟು 2015ರಲ್ಲಿ ಆರು ‘ಫ್ರೇಮ್’, ಅಂದ್ರೆ ಪಟ್ಟಿ ಬದಲು ಆರು ಮೂಲ ವಿಚಾರ ತಂದ್ರು, 2016ರಲ್ಲಿ ಹಳೇದನ್ನ ರದ್ದು ಮಾಡಿದ್ರು, ಬೇಜಾರಾದ ಲೈಬ್ರರಿಯನ್ನುಗಳು ಇವತ್ತಿಗೂ ಇದ್ದಾರೆ. ಜೇಮ್ಸ್ ಎಲ್ಮ್‌ಬೋರ್ಗ್ 2006ರಲ್ಲೇ, ವಿದ್ಯಾರ್ಥಿ ತಲೆ ಖಾಲಿ ಡಬ್ಬ ಅಲ್ಲ, ಯಾರ ಜ್ಞಾನ ಜ್ಞಾನ ಅನ್ನಿಸ್ಕೊಳ್ಳತ್ತೆ ಅಂತ ಕೇಳೋದನ್ನೂ ಕಲಿಸಿ ಅನ್ನೋ ಜಾಡು ಹಿಡಿದಿದ್ದ.

ಹಳೇ ಹೆಸರುಗಳನ್ನೂ ಹಾಕಿ ಮತ್ತೆ ಹುಡುಕು, ದಶಕಕ್ಕೆ ಹತ್ತು ಲೇಖನ ನಿಜವಾಗ್ಲೂ ಓದು, ಪ್ರತಿ ವ್ಯಾಖ್ಯೆ ಪಕ್ಕ ‘ಯಾರು, ಯಾರಿಗೋಸ್ಕರ’ ಅಂತ ಬರ್ಕೋ. ಗೈಡಿಗೆ ನಾನು ಹೇಳ್ದೆ ಅನ್ನಬೇಡ.

ನಿವೃತ್ತ ಗ್ರಂಥಪಾಲಕ: ಕ್ಷಮಿಸಿ, ಮಧ್ಯೆ ಬಾಯಿ ಹಾಕ್ತಿದೀನಿ. ಇದೆಲ್ಲಾ ನಮ್ಮ ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ಬರೆದ ಐದು ನಿಯಮ, ಅದೇ ಪಂಚಸೂತ್ರದಲ್ಲಿ ಹೇಳಿಬಿಟ್ಟಿದ್ದಾರೆ. ಅವರು ಬೆಂಗಳೂರಲ್ಲೇ ಕೂತು 1962ರಲ್ಲಿ ಡಿಆರ್‌ಟಿಸಿ ಅನ್ನೋ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದ್ರು. ನಾವು ಅಮೆರಿಕದವರ ಹೆಸರು ಜಪಿಸ್ತೀವಿ.

ಡೇಟಾ ಹುಡುಗ: ಶುರುವಾಯ್ತು. ಎಲ್ಲಾ ನಮ್ಮಲ್ಲೇ ಇತ್ತು.

ನಿವೃತ್ತ ಗ್ರಂಥಪಾಲಕ: ಇತ್ತು ಅಂದ್ರೆ ಇತ್ತು. ಓದಿದೀರಾ ಪಂಚಸೂತ್ರ? ಪರೀಕ್ಷೆಗೆ ಐದು ಸಾಲು ಬಿಟ್ರೆ?

ಮೇಷ್ಟ್ರು: ಇಬ್ರೂ ಅರ್ಧರ್ಧ ಸರಿ. ಹೊಸ ಓದುಗನ್ನ ಲೈಬ್ರರಿಗೆ ಹದ ಮಾಡೋದು ಲೈಬ್ರರಿಯವನ ಕರ್ತವ್ಯ ಅಂತ ರಂಗನಾಥನ್ ಖಂಡಿತ ಬರೆದಿದ್ದಾರೆ, ಆ ಹುಡುಗಿಯ ಮ್ಯಾಪಲ್ಲಿ ಬರದೇ ಇರೋರಲ್ಲಿ ಅವರೂ ಒಬ್ರು. ಆದ್ರೆ ಅವರ ಚಿಂತೆ ಪುಸ್ತಕ ಓದುಗನಿಗೆ ತಲುಪಬೇಕು, ಓದುಗನ ಸಮಯ ಉಳಿಬೇಕು ಅನ್ನೋದು. ತಲುಪಿದ್ದು ಸುಳ್ಳಾಗಿದ್ರೆ ಏನು ಮಾಡ್ಬೇಕು ಅನ್ನೋ ತಲೆನೋವು ಇಷ್ಟು ದೊಡ್ಡದಾಗಿದ್ದು ಆಮೇಲೆ.

ಶುಭೋದಯ ಗೆಳೆಯ: ಫಾರ್ವರ್ಡ್ ಆಗಿ ಬಂದದ್ದು: ‘21ನೇ ಶತಮಾನದ ಅನಕ್ಷರಸ್ಥರು ಓದು ಬರಹ ಬಾರದವರಲ್ಲ, ಕಲಿಯಲು, ಮರೆಯಲು, ಮತ್ತೆ ಕಲಿಯಲು ಬಾರದವರು – ಆಲ್ವಿನ್ ಟಾಫ್ಲರ್.’ ನಿಮ್ಮ ವಿಷಯಕ್ಕೆ ಸರಿಯಾಗಿದೆ ಸರ್ 🙏🙏

ಮೇಷ್ಟ್ರು: ಬಂತಾ ಇದು, ಇದಕ್ಕೇ ಕಾಯ್ತಿದ್ದೆ. ಟಾಫ್ಲರ್ 1970ರ ಪುಸ್ತಕದಲ್ಲಿ ಹರ್ಬರ್ಟ್ ಗರ್ಜಾಯ್ ಅನ್ನೋ ಮನಶ್ಶಾಸ್ತ್ರಜ್ಞನ ಮಾತು ಅಂತ ಹೆಸರು ಹೇಳಿ ಒಂದು ಸಾಲು ಕೊಟ್ಟಿದ್ದಾನೆ: ನಾಳಿನ ಅನಕ್ಷರಸ್ಥ ಓದೋಕೆ ಬಾರದವನಲ್ಲ, ಕಲಿಯೋದು ಹೇಗೆ ಅಂತ ಕಲಿಯದವನು ಅಂತ. ಆಮೇಲೆ ಯಾರ್ಯಾರೋ ಸೇರಿಸಿ, ತಿದ್ದಿ, ಟಾಫ್ಲರ್ ತಲೆಗೆ ಕಟ್ಟಿದ್ರು. ಮಾಹಿತಿ ಸಾಕ್ಷರತೆ ಮೇಲಿನ ಥೀಸಿಸ್‌ಗಳೇ ಈ ತಪ್ಪು ಕೋಟ್ ಇಟ್ಕೊಂಡು ಶುರುವಾಗೋದನ್ನ ನೋಡಿದೀನಿ, ಪುಸ್ತಕ ತೆಗೆದು ನೋಡಿ ಅಂದ್ರೆ ‘ಸರ್ ಗೂಗಲ್‌ನಲ್ಲಿ ಇದೆ’. ದಯವಿಟ್ಟು ಇನ್ನೊಂದ್ಸಲ ಹಾಕ್ಬೇಡಿ.

ಕೆಸೆಟ್ ತಯಾರಿ 2: ಸರ್ ಇನ್ಫರ್ಮೇಶನ್ ಲಿಟರಸಿ ಕಾಯಿನ್ ಮಾಡಿದ್ದು ಯಾರು?

ಮೇಷ್ಟ್ರು: ಮೇಲೆ.

ಬಿಲಿಬ್ ಸೆಕೆಂಡ್ ಸೆಮ್: ಸರ್ ಪ್ರಾಗ್ ಘೋಷಣೆ ಮತ್ತು ಅಲೆಕ್ಸಾಂಡ್ರಿಯಾ ಘೋಷಣೆ ವ್ಯತ್ಯಾಸ 10 ಅಂಕಕ್ಕೆ ಬರೆದು ಕೊಡಿ

ಮೇಷ್ಟ್ರು: ಪ್ರಾಗ್ 2003, ಅಲೆಕ್ಸಾಂಡ್ರಿಯಾ 2005, ಎರಡೂ ಮಾಹಿತಿ ಸಾಕ್ಷರತೆ ಬಗ್ಗೆ. ಬಾಕಿ ನೀವು ಬರೀರಿ.

ಅರಿವು ಕೇಂದ್ರ ಬೀದರ್: ಸರ್ ನಮಸ್ಕಾರ್ರಿ. ನಾ ಗ್ರಾಮ ಪಂಚಾಯ್ತಿ ಲೈಬ್ರರಿ ನೋಡ್ಕೋತೀನಿ. ನಮ್ ಜಿಲ್ಲೆದಾಗ ಮುರ್ಕಿ ಊರಾಗ 2018ರಾಗ ಮಕ್ಕಳ ಕಳ್ಳರು ಅಂತ ವಾಟ್ಸಾಪ್ ಸುದ್ದಿ ಹಬ್ಬಿ ಹೈದರಾಬಾದಿಂದ ಬಂದಾವನ್ನ ಹೊಡದು ಕೊಂದ್ರು, ಎಲ್ಲಾರಿಗೂ ಗೊತ್ತದ. ಅದ್ಕ ನಾ ಹೈಸ್ಕೂಲ್ ಹುಡುಗ್ರಿಗಿ ಐದು ಪ್ರಶ್ನೆದ ಪೋಸ್ಟರ್ ಹಚ್ಚಿ ಕಲಿಸ್ದೆ, ಯಾವಾಗಿಂದು, ಯಾರ್ ಬರದಾರ, ಯಾಕ್ ಬರದಾರ ಹಂಗ. ಆರು ತಿಂಗಳಾತು. ಈಗ ಹುಡುಗ್ರು ಎಲ್ಲಾದಕ್ಕೂ ‘ಯಾಕ್ ನಂಬಬೇಕು’ ಅಂತಾರ. ಪೇಪರ್ ನಂಬಂಗಿಲ್ಲ, ಆಶಾ ಅಕ್ಕ ಲಸಿಕಿ ಅಂದ್ರ ನಂಬಂಗಿಲ್ಲ. ಆದ್ರ ಒಬ್ಬ ಯೂಟ್ಯೂಬ್‌ನವನ್ನ ಮಾತ್ರ ನಂಬತಾರ, ಯಾಕಂದ್ರ ಅಂವ ‘ಎಲ್ಲಾರ್ನೂ ಪ್ರಶ್ನಿ ಮಾಡ್ರಿ’ ಅಂತಾನ. ನಾ ತಪ್ಪು ಕಲಿಸ್ದೆನೇನ್ರಿ?

ಮೇಷ್ಟ್ರು: ತಾಯಿ, ನೀವು ಕೇಳಿದ್ದು ಈ ಮಧ್ಯಾಹ್ನದ ಪ್ರಶ್ನೆ. ತಪ್ಪು ನಿಮ್ಮದಲ್ಲ, ಪೋಸ್ಟರಿಂದು. ಆ ಐದು ಪ್ರಶ್ನೆ ಕ್ಯಾಲಿಫೋರ್ನಿಯಾದ ಚೀಕೋ ಊರಿನ ವಿಶ್ವವಿದ್ಯಾಲಯದ ಲೈಬ್ರರಿಯವರು ಮಾಡಿದ್ದು, ‘ಕ್ರಾಪ್ ಟೆಸ್ಟ್’ ಅಂತಾರೆ, ಇಂಗ್ಲಿಷಲ್ಲಿ ‘ಕಸ’ ಅಂದಂಗೆ ಕೇಳತ್ತೆ, ಹೆಸರು ನೋಡಿ ನಗ್ಬೇಡಿ. ಕಾಲೇಜು ಹುಡುಗ್ರು ಒಂದು ಪುಟ ಮುಂದೆ ಇಟ್ಕೊಂಡು ಅದನ್ನೇ ತಿರುಗಿಸಿ ಮುರುಗಿಸಿ ನೋಡೋಕೆ. ಸ್ಟ್ಯಾನ್‌ಫರ್ಡ್‌ನ ವೈನ್‌ಬರ್ಗ್, ಮೆಕ್‌ಗ್ರೂ 10 ಇತಿಹಾಸಕಾರರು, 10 ಫ್ಯಾಕ್ಟ್‌ಚೆಕರ್‌ಗಳು, 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳನ್ನ, ವೆಬ್‌ಸೈಟ್ ನಂಬಬಹುದಾ ಅಂತ ತೂಗಿ ನೋಡೋಕೆ ಕಂಪ್ಯೂಟರ್ ಮುಂದೆ ಕೂರ್ಸಿದ್ರು. ಇತಿಹಾಸಕಾರರು, ವಿದ್ಯಾರ್ಥಿಗಳಲ್ಲಿ ಬಹಳ ಜನ ಅದೇ ಪುಟದಲ್ಲಿ ಕೂತು ಲೋಗೋ, ಭಾಷೆ, ಅಂದಚಂದ ನೋಡಿ ಏಮಾರಿದ್ರು. ಫ್ಯಾಕ್ಟ್‌ಚೆಕರ್‌ಗಳು ಪುಟ ಪೂರ್ತಿ ಓದ್ಲೇ ಇಲ್ಲ, ತಕ್ಷಣ ಅದನ್ನ ಬಿಟ್ಟು ‘ಇವನು ಯಾರು’ ಅಂತ ಬೇರೆ ಕಡೆ ಕೇಳೋಕೆ ಹೋದ್ರು. ಹೆಣ್ಣು ನೋಡೋಕೆ ಹೋದಾಗ ಆ ಮನೆಯವರನ್ನೇ ‘ನೀವು ಒಳ್ಳೆಯವರಾ’ ಅಂತ ಕೇಳ್ತೀವಾ? ಪಕ್ಕದ ಬೀದಿಯಲ್ಲಿ ವಿಚಾರಿಸ್ತೀವಿ. ಅಷ್ಟೇ ಅದು.

ನಿಮ್ಮ ಹುಡುಗ್ರಿಗೆ ಅನುಮಾನ ಬಂತು, ವಿಚಾರಿಸೋ ಪಕ್ಕದ ಬೀದಿ ಸಿಗಲಿಲ್ಲ. 2018ರಲ್ಲಿ ಡಾನಾ ಬಾಯ್ಡ್ ಅನ್ನೋ ಸಂಶೋಧಕಿ ಇದೇ ಎಚ್ಚರಿಕೆ ಕೊಟ್ಟಿದ್ರು, ಎಲ್ಲಾ ಪ್ರಶ್ನಿಸಿ ಅಂತ ಕಲಿಸಿದ್ರೆ ಆ ಹತಾರವನ್ನೇ ಪಿತೂರಿ ಕಥೆ ಹೇಳೋರು ಎತ್ಕೋತಾರೆ ಅಂತ. ಅದೇ ವರ್ಷ ಬ್ರಿಟನ್ನಿನ ಲೈಬ್ರರಿ ಸಂಘ ಸಿಲಿಪ್ ವ್ಯಾಖ್ಯೆ ಬದಲಾಯಿಸಿ ‘ಸಮತೋಲದ ತೀರ್ಮಾನ’ ಅನ್ನೋ ಮಾತು ಸೇರಿಸ್ತು. ಅನುಮಾನ ಅಲ್ಲ, ತೀರ್ಮಾನ.

ಇನ್ನೊಂದು, ನಮಗೆ ಹತ್ತಿರದ್ದು. ಸುಮಿತ್ರಾ ಬದ್ರಿನಾಥನ್ 2019ರ ಚುನಾವಣೆ ಹೊತ್ತಲ್ಲಿ ಬಿಹಾರದಲ್ಲಿ ಮನೆಮನೆಗೆ ಜನ ಕಳಿಸಿ ಸುಮಾರು ಒಂದು ಗಂಟೆ ಸುಳ್ಳು ಸುದ್ದಿ ಗುರುತಿಸೋ ಪಾಠ ಮಾಡಿಸಿದ್ರು, 2021ರಲ್ಲಿ ಪ್ರಕಟ ಆಯ್ತು, ಒಟ್ಟಾರೆ ಫಲ ಕಾಣ್ಲಿಲ್ಲ. ಅಲ್ಲಿಗೆ ಬಿಡ್ಲಿಲ್ಲ ಅವರು. ಮತ್ತೆ ಬಿಹಾರದಲ್ಲೇ 583 ಹಳ್ಳಿಯ ಸುಮಾರು 13,500 ಮಕ್ಕಳ ಮೇಲೆ ಇನ್ನೊಂದು ಪ್ರಯೋಗ, ಈ ಸಲ ತರಗತಿ ಮಾಡಿ ವಾರಗಟ್ಟಲೆ ಕಲಿಸಿದ್ದು. ಆವಾಗ ಬದಲಾವಣೆ ಬಂತು, ತಿಂಗಳುಗಳ ಮೇಲೂ ಉಳೀತು, ಮನೆಯಲ್ಲಿ ಅಪ್ಪಅಮ್ಮನವರೆಗೂ ಹೋಯ್ತು. ಅಂದ್ರೆ ಪೋಸ್ಟರ್ ಸಾಲಲ್ಲ, ನಿಮ್ಮಂಥೋರು ದಿನಾ ಬೇಕು. ಪೋಸ್ಟರ್ ಕಿತ್ತಾಕಿ. ವಾರಕ್ಕೊಂದು ಊರಿನ ಸುದ್ದಿ ತಗೊಳಿ, ‘ಇದು ನಿಜವಾ’ ಅನ್ನೋ ಬದಲು ‘ಇದು ಯಾರಿಗೆ ಖಂಡಿತ ಗೊತ್ತಿರತ್ತೆ’ ಅಂತ ಕೇಳಿ, ಅವರ ಹತ್ರ ಹುಡುಗ್ರನ್ನ ಕಳ್ಸಿ. ಆಶಾ ಅಕ್ಕನ್ನೇ ಲೈಬ್ರರಿಗೆ ಕರೀರಿ, ಲಸಿಕೆ ಡಬ್ಬಿ ಎಲ್ಲಿಂದ ಬರತ್ತೆ, ಹೇಗೆ ತಣ್ಣಗಿಡ್ತಾರೆ ತೋರಿಸ್ಲಿ.

ಮನೆಮದ್ದು ಮಾವ: ಲಸಿಕೆ ವಿಷಯ ಬಂತು ಅಂತ ಹೇಳ್ತಿದೀನಿ, ಇದರ ಸತ್ಯ ಹೇಳೋ ಒಂದು ವಿಡಿಯೋ ಇದೆ, ಪೂರ್ತಿ ನೋಡಿ ಆಮೇಲೆ ಮಾತಾಡಿ

ಮೇಷ್ಟ್ರು: ಅಡ್ಮಿನ್, ಇದನ್ನ ತೆಗೀರಿ.

ಮನೆಮದ್ದು ಮಾವ: ನೀವೇ ತಾನೇ ಎಲ್ಲಾ ಕಡೆ ವಿಚಾರಿಸಿ ಅಂದಿದ್ದು?

ಮೇಷ್ಟ್ರು: ಕಳಿಸಿದವನು ಯಾರು ಅಂತ ವಿಚಾರಿಸಿ ಅಂದೆ. ನೀವು ವಿಚಾರಿಸಿದ್ರಾ? ಇಲ್ಲ. ಮುಂದಿನ ಪ್ರಶ್ನೆ.

ಕನ್ನಡ ಕಟ್ಟಾಳು: ಲಿಟರಸಿಗೆ ‘ಸಾಕ್ಷರತೆ’ ಅನ್ನೋದೇ ತಪ್ಪು. ಅಕ್ಷರ ಬಾರದ ನಮ್ಮಜ್ಜಿ ಮೋಡ ನೋಡಿ ಮಳೆ ಹೇಳ್ತಿದ್ರು, ಅದು ಮಾಹಿತಿ ಅಲ್ವಾ? ‘ಮಾಹಿತಿ ಜಾಣ್ಮೆ’ ಅನ್ನಿ.

ಡೇಟಾ ಹುಡುಗ: ಅಜ್ಜಿ ಹೇಳಿದ ದಿನ ಮಳೆ ಬಂತಾ ಅಂತ ಡೇಟಾ ಇದ್ಯಾ?

ಕನ್ನಡ ಕಟ್ಟಾಳು: ನಿಮ್ಮಂಥೋರಿಗೆ ಎಕ್ಸೆಲ್‌ನಲ್ಲಿ ಇದ್ರೇನೇ ಜ್ಞಾನ.

ನಿವೃತ್ತ ಗ್ರಂಥಪಾಲಕ: ‘ಸಾಕ್ಷರತೆ’ ಈಗಾಗ್ಲೇ ಪಠ್ಯಪುಸ್ತಕದಲ್ಲಿ ಬೇರೂರಿದೆ. ಬದಲಾಯಿಸಿದ್ರೆ ಮಕ್ಕಳಿಗೆ ಗೊಂದಲ.

ಕನ್ನಡ ಕಟ್ಟಾಳು: ನಿವೃತ್ತರಾದ್ಮೇಲೂ ಸುತ್ತೋಲೆ ಹೊರಡಿಸೋದು ಬಿಟ್ಟಿಲ್ಲ ನೀವು.

ನಿವೃತ್ತ ಗ್ರಂಥಪಾಲಕ: ನಾಲಿಗೆ ಮೇಲೆ ಹಿಡಿತ ಇರ್ಲಿ.

ಮೇಷ್ಟ್ರು: ಅಜ್ಜಿ ವಿಷಯದಲ್ಲಿ ಕಟ್ಟಾಳು ಪರವಾಗಿ ಒಂದು ಮಾತು. ಆನ್‌ಮರೀ ಲಾಯ್ಡ್ ಅಂತ ಆಸ್ಟ್ರೇಲಿಯಾದವರು, ಬೆಂಕಿ ಆರಿಸೋ ಸಿಬ್ಬಂದಿ ಹೇಗೆ ಕಲೀತಾರೆ ಅಂತ ಹೋಗಿ ನೋಡಿದ್ರು. ಪುಸ್ತಕದ ನಿಯಮ ಓದಿದ ಹೊಸಬ ಇನ್ನೂ ಕೆಲಸಗಾರ ಆಗಿರಲ್ಲ, ಹಳಬರ ಕಥೆ ಕೇಳಿ, ಹೊಗೆ ಬಣ್ಣ, ಶಾಖ, ಸದ್ದು ಮೈಗೆ ಹತ್ತಿದ ಮೇಲೇನೇ ಆಗೋದು, ಮೈಯೂ ಮಾಹಿತಿಯ ಮೂಲ ಅಂತ 2000ದ ದಶಕದಲ್ಲಿ ಬರೆದ್ರು. ನನಗೆ ಈ ಇಡೀ ಸಾಹಿತ್ಯದಲ್ಲಿ ಬಹಳ ಇಷ್ಟವಾದ ತಿರುವು ಅದು. ಪದ ಯಾವುದಾದ್ರೂ ಇಟ್ಕೊಳಿ, ಜಗಳ ಸಾಕು.

ಪೇಪರ್ ಪಬ್ಲಿಶ್: ಸರ್ ಇದೇ ವಿಷಯದಲ್ಲಿ ನಂದು ಪೇಪರ್ ರೆಡಿ ಇದೆ, 48 ಗಂಟೆಯಲ್ಲಿ ಹಾಕ್ತೀವಿ ಅಂತ ಒಂದು ಜರ್ನಲ್ ಮೆಸೇಜ್ ಬಂದಿದೆ, 1,500 ರೂಪಾಯಿ, ಕೊಡ್ಲಾ?

ಮೇಷ್ಟ್ರು: ಮಾಹಿತಿ ಸಾಕ್ಷರತೆ ಪೇಪರ್ರು, 48 ಗಂಟೆ ಜರ್ನಲ್ಲು. ನೀವೇ ಇನ್ನೊಂದ್ಸಲ ಓದ್ಕೊಳಿ ಏನು ಬರೆದಿದೀರ ಅಂತ.

ಎಐ ಪ್ರಿಯ: ಸರ್ ಎಐ ಲಿಟರಸಿ ಬಂದ್ಮೇಲೆ ಇದೆಲ್ಲಾ ಔಟ್‌ಡೇಟೆಡ್ ಅಲ್ವಾ? ಲಿಟರೇಚರ್ ರಿವ್ಯೂ ಅದೇ ಬರ್ಕೊಡತ್ತೆ.

ಪರದಾಟ ಪಿಎಚ್‌ಡಿ: ನನಗೆ ಬರ್ಕೊಟ್ಟಿತ್ತು, ಅದರಲ್ಲಿ ಮೂರು ಲೇಖನ ಇಲ್ಲವೇ ಇಲ್ಲ. ಲೈಬ್ರರಿಯಲ್ಲಿ ಎರಡು ದಿನ ಹುಡುಕಿದೀನಿ.

ಬಿಲಿಬ್ ಸೆಕೆಂಡ್ ಸೆಮ್: ಮೇಟಾಲಿಟರಸಿ ಬಗ್ಗೆ ಹೇಳಿ ಸರ್, ಇಂಟರ್ನಲ್ಸ್ ಇದೆ

ಕೆಸೆಟ್ ತಯಾರಿ 3: ಸರ್ 1974ಆ 1976ಆ? ಎರಡೂ ಹೇಳಿದೀರ

ಮೇಷ್ಟ್ರು: ಪದ 74. ಮೇಲೆ ಓದಿ ಓದಿ ಓದಿ.

ಅರಿವು ಕೇಂದ್ರ ಬೀದರ್: ಸರ್ ನೀವ್ ಹೇಳಿದ್ದು ಈಗೇ ಮಾಡಿ ನೋಡ್ದೆ, ನಾಕು ಹುಡುಗ್ರು ಇಲ್ಲೇ ಕುಂತಿದ್ರು. ರೇಷನ್ ಕಾರ್ಡ್ ರದ್ದಾಗ್ತದ ಅಂತ ಒಂದು ಮೆಸೇಜ್ ಓಡಾಡ್ಲಿಕತ್ತದ. ‘ಯಾರಿಗಿ ಖಂಡಿತ ಗೊತ್ತಿರ್ತದ’ ಅಂದೆ, ಹುಡುಗ್ರೇ ಆಫೀಸಿನ ನಂಬರ್ ಹುಡುಕಿದ್ರು. ಆರು ಸಲ ಹಚ್ಚಿದ್ರು, ಯಾರೂ ಎತ್ತಲಿಲ್ಲ. ಯೂಟ್ಯೂಬ್‌ನವ ಮಾತ್ರ ಕಮೆಂಟಿಗಿ ಎರಡೇ ನಿಮಿಷದಾಗ ಉತ್ತರ ಕೊಟ್ಟಾನ.

ಡೇಟಾ ಹುಡುಗ: 😂

ಮೇಷ್ಟ್ರು: ನಗೋ ವಿಷಯ ಅಲ್ಲ ಇದು. ಆರು ಫ್ರೇಮು, ಏಳು ಮುಖ, 22 ಸೂಚಕ ಯಾವುದ್ರಲ್ಲೂ ಫೋನ್ ಎತ್ತದ ಆಫೀಸು ಇಲ್ಲ. ಅಮ್ಮ, ಹುಡುಗ್ರು ಹೊರಟ್ರಾ? ನಾಳೆ ಅವರನ್ನ ಕರ್ಕೊಂಡು ನ್ಯಾಯಬೆಲೆ ಅಂಗಡಿಗೆ ಹೋಗಿ, ನಿಮ್ಮೂರಿನ ಪಿಡಿಒ ಸಿಕ್ರೆ ಅವರನ್ನೂ ಕೇಳ್ಸಿ. ಏನಂದ್ರು ಅಂತ ನನಗೆ ಪರ್ಸನಲ್‌ಗೆ ಬರೀರಿ, ಇಲ್ಲಿ ಬೇಡ.

ಶುಭೋದಯ ಗೆಳೆಯ: ಫಾರ್ವರ್ಡ್ ಆಗಿ ಬಂದದ್ದು: ರೇಷನ್ ಕಾರ್ಡ್ ಇರುವವರೆಲ್ಲರೂ ಓದಲೇಬೇಕಾದ ತುರ್ತು ಸುದ್ದಿ...

ಅಡ್ಮಿನ್: ಗ್ರೂಪ್ ಸೆಟ್ಟಿಂಗ್ ಬದಲಾಯಿಸಿದೀನಿ, ನಾಳೆ ಬೆಳಗ್ಗೆವರೆಗೂ ಅಡ್ಮಿನ್ ಮಾತ್ರ ಮೆಸೇಜ್ ಹಾಕ್ಬಹುದು.