ಸಮಸ್ಯೆ ಎದುರಾದಾಗ ಎಲ್ಲಿಂದ ಶುರು ಮಾಡ್ತೀರಿ? ಅನುಭವ ಹೇಳಿ

ಪ್ರಶ್ನೆ ಕೇಳಿದವರು:
ಆಫೀಸಲ್ಲಾಗಲಿ ಮನೆಯಲ್ಲಾಗಲಿ ಏನಾದರೂ ಕೈಕೊಟ್ಟರೆ ಮೊದಲು ಹೊಳೆದದ್ದನ್ನ ಮಾಡಿ ನೋಡೋದು, ಆಗಲಿಲ್ಲವಾ, ಇನ್ನೊಂದು. ಒಮ್ಮೊಮ್ಮೆ ಸರಿಹೋಗುತ್ತೆ, ಯಾಕೆ ಸರಿಹೋಯ್ತು ಅಂತ ಮಾತ್ರ ಗೊತ್ತಾಗಲ್ಲ. ಸ್ವಲ್ಪ ದಿನಕ್ಕೆ ಅದೇ ತಲೆನೋವು ಮತ್ತೆ. ಹಂತ ಹಂತವಾಗಿ ಬಗೆಹರಿಸೋದನ್ನ ರೂಢಿ ಮಾಡಿಕೊಂಡವರು ಇದ್ದರೆ ಹೇಳಿ. ಕೋರ್ಸು, ಸರ್ಟಿಫಿಕೇಟು ಬೇಡ. ನೀವು ನಿಜವಾಗಿ ಏನು ಮಾಡ್ತೀರೋ ಅದು ಬೇಕು.

ಮೇಂಟೆನೆನ್ಸ್ ವಿಭಾಗದವರು:
ನಾನು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳೋನು. ಮುಕ್ಕಾಲು ಕೆಲಸ ಇರೋದು ಸ್ಪ್ಯಾನರ್ ಕೈಗೆತ್ತಿಕೊಳ್ಳೋಕೆ ಮುಂಚೆ. ಸಮಸ್ಯೆಯನ್ನ ಒಂದು ವಾಕ್ಯದಲ್ಲಿ ಬರೀರಿ, ಕಣ್ಣಿಗೆ ಕಂಡಷ್ಟೇ ಬರೀರಿ. "ಪಂಪ್ ಹಾಳಾಗಿದೆ" ಅಂತ ಬರೆದರೆ ಆಗಲೇ ತೀರ್ಪು ಕೊಟ್ಟ ಹಾಗಾಯ್ತು. "ಬೆಳಗಿನ ಪಾಳಿಯಲ್ಲಿ ಚಾಲೂ ಮಾಡಿದ ಅರ್ಧ ಗಂಟೆಗೆ ಪ್ರೆಶರ್ ಇಳಿಯುತ್ತೆ" ಅಂತ ಬರೀರಿ. ಅದರ ಪಕ್ಕದಲ್ಲೇ ಎಲ್ಲಿ ಆಗ್ತಿಲ್ಲ ಅನ್ನೋದೂ ಇರಲಿ: ಮಧ್ಯಾಹ್ನದ ಪಾಳಿಯಲ್ಲಿ ಇಳಿಯಲ್ಲ, ಪಕ್ಕದ ಲೈನಿನಲ್ಲಿ ಇಳಿಯಲ್ಲ. ಇವೆರಡರ ನಡುವೆ ಏನು ವ್ಯತ್ಯಾಸ ಇದೆಯೋ ಅಲ್ಲಿ ಹುಡುಕಿ. ಪಂಪೇ ಹಾಳಾಗಿದ್ದರೆ ಮಧ್ಯಾಹ್ನವೂ ಇಳಿಯಬೇಕಿತ್ತಲ್ಲ?

ಆಮೇಲೆ "ಯಾಕೆ" ಅಂತ ಕೇಳೋದು. ಟೊಯೋಟಾದ ತೈಚಿ ಓನೋ ಕೊಟ್ಟ ಉದಾಹರಣೆ ನಮ್ಮ ಕಸುಬಿನಲ್ಲಿ ಬಹಳ ಜನಕ್ಕೆ ಬಾಯಿಪಾಠ. ಯಂತ್ರ ನಿಂತಿತು, ಯಾಕೆ? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಯ್ತು. ಲೋಡ್ ಯಾಕೆ ಜಾಸ್ತಿ? ಬೇರಿಂಗಿಗೆ ಎಣ್ಣೆ ಸಾಲದು. ಯಾಕೆ? ಎಣ್ಣೆ ಪಂಪು ಸರಿಯಾಗಿ ಎಳೀತಿಲ್ಲ. ಯಾಕೆ? ಅದರ ಶಾಫ್ಟ್ ಸವೆದಿದೆ. ಯಾಕೆ ಸವೀತು? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಫ್ಯೂಸ್ ಬದಲಿಸಿ ಕೈತೊಳೆದುಕೊಂಡಿದ್ದರೆ ಯಂತ್ರ ಮತ್ತೆ ನಿಲ್ಲುತ್ತಿತ್ತು. ಐದೇ ಸಲ ಕೇಳಬೇಕು ಅಂತೇನಿಲ್ಲ. ಆದರೆ ಪ್ರತಿ ಉತ್ತರವನ್ನೂ ಹೋಗಿ ಕಣ್ಣಾರೆ ನೋಡಬೇಕು. ಕುರ್ಚಿಯಲ್ಲಿ ಕೂತು ಐದು ಸಲ ಕೇಳಿದರೆ ಐದು ಊಹೆ ಸಿಗುತ್ತೆ, ಅಷ್ಟೆ. ಉತ್ತರ ಯಾರದೋ ಹೆಸರಿಗೆ ಬಂದು ನಿಂತರೆ ಇನ್ನೊಂದು ಸಲ ಕೇಳಿ.

ಅಕೌಂಟ್ಸ್‌ನವರು:
ಮೇಲಿನ ಸರ್ ಹೇಳಿದ್ದು ಯಂತ್ರಕ್ಕೆ ಸರಿ. ನಮ್ಮಲ್ಲಿ ಕಾರಣಕ್ಕಿಂತ ಮೊದಲು ತಪ್ಪು ಎಲ್ಲಿದೆ ಅಂತ ಹುಡುಕಬೇಕು. ಒಂದೇ ಸಾವಿರ ಸಾಲಿನ ಪಟ್ಟಿ ಎರಡು ಕಡೆ ಇದೆ, ಮೊತ್ತ ತಾಳೆಯಾಗ್ತಿಲ್ಲ ಅನ್ನಿ. ಮೊದಲ ಸಾಲಿಂದ ಟಿಕ್ ಹಾಕ್ತಾ ಕೂರಬೇಡಿ. ಮೊದಲ 500 ಸಾಲಿನ ಮೊತ್ತವನ್ನ ಎರಡೂ ಕಡೆ ಹೋಲಿಸಿ. ತಾಳೆಯಾದರೆ ತಪ್ಪು ಉಳಿದರ್ಧದಲ್ಲಿದೆ. ಅದನ್ನ ಮತ್ತೆ ಅರ್ಧ ಮಾಡಿ. ಹೀಗೆ ಹೆಚ್ಚೆಂದರೆ 10 ಸಲ ಹೋಲಿಸುವಷ್ಟರಲ್ಲಿ ಆ ಸಾಲು ಸಿಕ್ಕಿಬೀಳುತ್ತೆ. (ತಪ್ಪು ಒಂದೇ ಇದ್ದರೆ. ಜಾಸ್ತಿ ಇದ್ದರೆ ಸುತ್ತೂ ಜಾಸ್ತಿ.) ಅದಕ್ಕೂ ಮುಂಚೆ ವ್ಯತ್ಯಾಸವನ್ನ 9ರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಅಕ್ಕಪಕ್ಕದ ಅಂಕಿ ಅದಲುಬದಲಾಗಿರಬಹುದು: 540 ಇರಬೇಕಾದಲ್ಲಿ 450 ಬರೆದರೆ ವ್ಯತ್ಯಾಸ 90. ಹಳೇ ಲೆಕ್ಕಿಗರ ಉಪಾಯ, ಈಗಲೂ ಸಮಯ ಉಳಿಸುತ್ತೆ.

ಮನೆಯ ವೈಫೈ ಹೋದಾಗಲೂ ಇದೇ ಬುದ್ಧಿ ಓಡಿಸಿ. ಫೋನ್ ಹಿಡಿದು ರೂಟರ್ ಪಕ್ಕ ನಿಂತು ನೋಡಿ. ಅಲ್ಲಿ ಸರಿಯಿದ್ದರೆ ಸಿಗ್ನಲ್ ತಲುಪ್ತಿಲ್ಲ ಅಂತಾಯ್ತು. ಅಲ್ಲೂ ಇಲ್ಲದಿದ್ದರೆ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಬರೆದಿಟ್ಟುಕೊಂಡು. ಕೇಬಲ್, ಪಾಸ್‌ವರ್ಡ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ನೀವು ಹೇಳಿದ ಗತಿಯೇ ಆಗೋದು.

ಎಚ್‌ಆರ್‌ನಲ್ಲಿರುವವರು:
ಜನರ ಮಧ್ಯೆ ಹುಟ್ಟುವ ಸಮಸ್ಯೆಗೆ ಒಂದೇ ಎಳೆ ಹಿಡಿದು "ಯಾಕೆ ಯಾಕೆ" ಅಂತ ಹೋದರೆ ಸಾಲಲ್ಲ. ವರದಿ ಪ್ರತಿ ವಾರ ತಡವಾಗ್ತಿದೆ ಅಂದರೆ ಮಾಹಿತಿ ಬರೋದು ತಡ, ನಮೂನೆ ಗೊಂದಲ, ಸಹಿ ಹಾಕುವವರು ಸಿಗಲ್ಲ, ಎಲ್ಲ ಸೇರಿರುತ್ತೆ. ಜಪಾನಿನ ಗುಣಮಟ್ಟ ತಜ್ಞ ಇಶಿಕಾವಾ ಅವರ ಹೆಸರಿನ ಮೀನಿನ ಮೂಳೆ ಚಿತ್ರ ಇದಕ್ಕೇ ಇರೋದು: ತಲೆಯಲ್ಲಿ ಸಮಸ್ಯೆ, ಒಂದೊಂದು ಮೂಳೆಗೆ ಜನ, ವಿಧಾನ, ಸಾಮಗ್ರಿ, ಯಂತ್ರ ಹೀಗೆ ಒಂದೊಂದು ಗುಂಪಿನ ಕಾರಣ. ಆ ಕೆಲಸವನ್ನ ದಿನಾ ಮಾಡೋರನ್ನ ಕೂರಿಸಿಕೊಂಡೇ ಬರೀರಿ. ಇನ್ನೊಂದು, ಮನುಷ್ಯರನ್ನ "ಯಾಕೆ ಮಾಡಲಿಲ್ಲ?" ಅಂತ ಕೇಳಿದರೆ ಸಮಜಾಯಿಷಿ ಬರುತ್ತೆ. "ಆವತ್ತು ಏನೇನಾಯ್ತು ಹೇಳಿ" ಅಂದರೆ ಮಾಹಿತಿ ಬರುತ್ತೆ.

ಗಣಿತ ಮೇಷ್ಟ್ರು:
ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲೇ ನಾಲ್ಕು ಹೆಜ್ಜೆ ಬರೆದಿಟ್ಟಿದ್ದಾರೆ: ಅರ್ಥ ಮಾಡಿಕೊಳ್ಳೋದು, ಯೋಜನೆ ಹಾಕೋದು, ಅದರಂತೆ ಮಾಡೋದು, ತಿರುಗಿ ನೋಡೋದು. ಉತ್ತರ ಬಂದ ಕೂಡಲೇ ಪುಸ್ತಕ ಮುಚ್ಚುವ ಮಕ್ಕಳಿಗೆ ನಾಲ್ಕನೆಯದನ್ನ ಕಲಿಸೋದೇ ಕಷ್ಟ, ದೊಡ್ಡವರಿಗೆ ಇನ್ನೂ ಕಷ್ಟ. ದಾರಿ ಕಾಣದಿದ್ದರೆ ಅದೇ ಥರದ ಚಿಕ್ಕ ಲೆಕ್ಕ ಮೊದಲು ಬಿಡಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಮೇಲಧಿಕಾರಿಗಳು ತಲೆ ಮೇಲೆ ಬಂದು ನಿಂತು "ಈಗಲೇ ಆಗಬೇಕು" ಅಂದರೆ ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿ?

ಮೇಂಟೆನೆನ್ಸ್ ವಿಭಾಗದವರು:
ಆಗ ಎರಡು ಕೆಲಸ ಬೇರೆ ಬೇರೆ ಮಾಡಿ. ಸದ್ಯಕ್ಕೆ ನಡೆಯುವ ಹಾಗೆ ತೇಪೆ ಹಾಕಿ, ತಪ್ಪೇನಿಲ್ಲ. ಅದು ತೇಪೆ ಅಂತಲೂ, ಮೂಲ ಕಾರಣ ಯಾವತ್ತು ನೋಡ್ತೀರಿ ಅಂತಲೂ ಅವರಿಗೇ ಬರೆದು ಕಳಿಸಿ. ಮತ್ತೆ ರೀಸ್ಟಾರ್ಟ್ ಒತ್ತೋಕೆ ಮುಂಚೆ ಸ್ಕ್ರೀನಿನಲ್ಲಿರೋ ಎರರಿನ ಫೋಟೋ ತೆಗೆದುಕೊಳ್ಳಿ, ಗಂಟೆ ಎಷ್ಟು ಅಂತ ಬರೆದಿಡಿ. ಒತ್ತಿದ ಮೇಲೆ ಅದು ಮತ್ತೆ ಕಾಣೋದು ಯಂತ್ರ ಇನ್ನೊಂದು ಸಲ ನಿಂತಾಗಲೇ.