ಫಂಕ್ಷನ್‌ಗೆ ಕೊಟ್ಟ ಲಿಸ್ಟ್ ಹೊರಗೂ ಬದಲಾಗುವುದೇಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಉಪನ್ಯಾಸಕಿ. ಕಿರುಪರೀಕ್ಷೆಯ ಫಲಿತಾಂಶಕ್ಕಾಗಿ ಪೈಥಾನ್‌ನಲ್ಲಿ ಚಿಕ್ಕದೊಂದು ಪ್ರೋಗ್ರಾಂ ಬರೆದಿದ್ದೇನೆ. ಅದರಲ್ಲಿ ವಿದ್ಯಾರ್ಥಿಗಳ ಹೆಸರುಗಳ ಒಂದು ಲಿಸ್ಟ್ ಮತ್ತು ಅದೇ ಕ್ರಮದಲ್ಲಿ ಅವರ ಅಂಕಗಳ ಇನ್ನೊಂದು ಲಿಸ್ಟ್ ಇವೆ. ಅತಿ ಹೆಚ್ಚಿನ ಮೂರು ಅಂಕಗಳನ್ನು ತಿಳಿಸುವ ಫಂಕ್ಷನ್‌ನಲ್ಲಿ, ಬಂದ ಲಿಸ್ಟ್ ಅನ್ನು ಸಾರ್ಟ್ ಮೆಥಡ್‌ನಿಂದ ಇಳಿಕೆ ಕ್ರಮದಲ್ಲಿ ಜೋಡಿಸಿ ಮೊದಲ ಮೂರನ್ನು ಹಿಂದಿರುಗಿಸುತ್ತೇನೆ. ಆ ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಅನಂತರ ಅಂಕಪಟ್ಟಿಯನ್ನು ಮುದ್ರಿಸಿದರೆ ಒಬ್ಬರ ಅಂಕ ಇನ್ನೊಬ್ಬರ ಹೆಸರಿನ ಮುಂದೆ ಕಾಣಿಸುತ್ತದೆ. ಬೇರೊಂದು ಫಂಕ್ಷನ್‌ಗೆ ಒಂದು ಸಂಖ್ಯೆಯನ್ನು ಕೊಟ್ಟು, ಒಳಗೆ ಅದಕ್ಕೆ 5 ಕೃಪಾಂಕ ಸೇರಿಸಿದಾಗ ಹೊರಗಿನ ಸಂಖ್ಯೆ ಮಾತ್ರ ಹಾಗೆಯೇ ಉಳಿಯುತ್ತದೆ. ಸಂಖ್ಯೆಗೊಂದು ನಿಯಮ, ಲಿಸ್ಟ್‌ಗೊಂದು ನಿಯಮ ಇದೆಯೇ?

ಉತ್ತರ: ನಮಸ್ಕಾರ ಮೇಡಂ. ನಿಯಮ ಒಂದೇ, ಎರಡು ಕಡೆ ನೀವು ಮಾಡಿದ ಕೆಲಸ ಬೇರೆ. ಫಂಕ್ಷನ್ ಅನ್ನು ಕರೆದಾಗ ಪೈಥಾನ್ ಸಂಖ್ಯೆಯ ಪ್ರತಿಯನ್ನೂ ಮಾಡುವುದಿಲ್ಲ, ಲಿಸ್ಟ್‌ನ ಪ್ರತಿಯನ್ನೂ ಮಾಡುವುದಿಲ್ಲ. ಹೊರಗೆ ಈಗಾಗಲೇ ಇರುವ ಆಬ್ಜೆಕ್ಟ್‌ಗೇ ಫಂಕ್ಷನ್‌ನ ಒಳಗೆ ಪ್ಯಾರಾಮೀಟರಿನ ರೂಪದಲ್ಲಿ ಇನ್ನೊಂದು ಹೆಸರು ಸಿಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೊವ್ ಮತ್ತು ಅವರ ಸಂಗಡಿಗರು ರೂಪಿಸಿದ ಕ್ಲೂ ಭಾಷೆಯಲ್ಲಿ ಈ ಪದ್ಧತಿಯನ್ನು ‘ಕಾಲ್ ಬೈ ಶೇರಿಂಗ್’ ಎಂದು ಕರೆದರು. ಪೈಥಾನ್‌ಗೂ ಈ ಹೆಸರೇ ಸರಿಯಾಗಿ ಹೊಂದುತ್ತದೆ.

ನೀವು 5 ಕೃಪಾಂಕ ಸೇರಿಸಿದಾಗ ಹಳೆಯ ಸಂಖ್ಯೆ ಬದಲಾಗಲಿಲ್ಲ, ಏಕೆಂದರೆ ಪೈಥಾನ್‌ನಲ್ಲಿ ಸಂಖ್ಯೆ ಬದಲಾಗಬಲ್ಲ ಆಬ್ಜೆಕ್ಟ್ ಅಲ್ಲ. ಕೂಡಿದ ಮೊತ್ತ ಬೇರೆಯೇ ಆಬ್ಜೆಕ್ಟ್ ಆಗಿ ಬಂದು, ಒಳಗಿನ ಹೆಸರು ಅದನ್ನು ಸೂಚಿಸತೊಡಗಿತು. ಹೊರಗಿನ ಹೆಸರು ಹಳೆಯದನ್ನೇ ಸೂಚಿಸುತ್ತ ಉಳಿಯಿತು. ಸಾರ್ಟ್ ಮೆಥಡ್ ಹೊಸದೇನನ್ನೂ ಸೃಷ್ಟಿಸುವುದಿಲ್ಲ. ಇರುವ ಲಿಸ್ಟ್‌ನ ಒಳಗೇ ಅಂಶಗಳ ಸ್ಥಾನ ಬದಲಿಸುತ್ತದೆ. ಆ ಲಿಸ್ಟ್‌ಗೆ ಹೊರಗೂ ಒಂದು ಹೆಸರಿರುವುದರಿಂದ ಬದಲಾವಣೆ ಅಲ್ಲಿಯೂ ಕಾಣುತ್ತದೆ.

ಹೆಸರನ್ನು ಬೇರೆಡೆಗೆ ತಿರುಗಿಸುವುದು ಮತ್ತು ಆಬ್ಜೆಕ್ಟ್ ಅನ್ನೇ ಬದಲಿಸುವುದು, ಈ ಎರಡರ ವ್ಯತ್ಯಾಸ ಎಷ್ಟು ಸೂಕ್ಷ್ಮವೆಂಬುದನ್ನು ಈ ಎರಡು ಸಾಲುಗಳಲ್ಲಿ ನೋಡಿ. ಪೈಥಾನ್ 3ರಲ್ಲಿ ವೇರಿಯಬಲ್‌ಗಳ ಹೆಸರು ಕನ್ನಡ ಲಿಪಿಯಲ್ಲೂ ಇರಬಹುದಾದ್ದರಿಂದ ಇವನ್ನು ಇದ್ದಂತೆಯೇ ಓಡಿಸಬಹುದು.

ಅಂಕಗಳು = ಅಂಕಗಳು + [65]

ಅಂಕಗಳು += [65]

ಫಂಕ್ಷನ್‌ನ ಒಳಗೆ ಮೊದಲ ಸಾಲನ್ನು ಬರೆದರೆ ಹೊಸ ಲಿಸ್ಟ್ ಸಿದ್ಧವಾಗುತ್ತದೆ, ಹೊರಗಿನದಕ್ಕೆ ಏನೂ ಆಗುವುದಿಲ್ಲ. ಎರಡನೆಯದನ್ನು ಬರೆದರೆ ಹೊರಗಿನ ಲಿಸ್ಟ್‌ಗೇ 65 ಸೇರುತ್ತದೆ. ಎರಡೂ ಒಂದೇ ಎಂದು ಕಲಿಸುವುದು ಸಂಖ್ಯೆಗಳ ಮಟ್ಟಿಗೆ ನಡೆದೀತು, ಲಿಸ್ಟ್‌ಗಳ ಮಟ್ಟಿಗೆ ಅದು ತಪ್ಪು. ದಯವಿಟ್ಟು ತರಗತಿಯಲ್ಲಿ ಇದನ್ನು ಒತ್ತಿ ಹೇಳಿ.

ನಿಮ್ಮ ಪ್ರೋಗ್ರಾಂಗೆ ಪರಿಹಾರ ಸುಲಭವಿದೆ. ಸಾರ್ಟ್ ಮೆಥಡ್ ಬದಲು ಸಾರ್ಟೆಡ್ ಫಂಕ್ಷನ್ ಬಳಸಿ. ಅದು ಮೂಲವನ್ನು ಮುಟ್ಟದೆ ಜೋಡಿಸಿದ ಹೊಸ ಲಿಸ್ಟ್ ಕೊಡುತ್ತದೆ. ಸಾರ್ಟ್ ಮೆಥಡ್ ‘ನನ್’ (None, ಅಂದರೆ ‘ಏನೂ ಇಲ್ಲ’) ಎಂಬ ಬೆಲೆಯನ್ನಷ್ಟೇ ಹಿಂದಿರುಗಿಸುವುದು, ತಾನು ಮೂಲವನ್ನೇ ಬದಲಿಸಿದ್ದೇನೆಂದು ಪ್ರೋಗ್ರಾಂ ಬರೆಯುವವರಿಗೆ ನೆನಪಿಸುವುದಕ್ಕಾಗಿಯೇ. ನಿಮ್ಮ ಫಂಕ್ಷನ್‌ಗಳಲ್ಲೂ ಈ ಶಿಸ್ತನ್ನು ಪಾಲಿಸಿ: ಲಿಸ್ಟ್ ಅನ್ನು ಬದಲಿಸುವ ಫಂಕ್ಷನ್ ಏನನ್ನೂ ಹಿಂದಿರುಗಿಸದಿರಲಿ, ಉತ್ತರವನ್ನು ಹಿಂದಿರುಗಿಸುವ ಫಂಕ್ಷನ್ ಬಂದ ಲಿಸ್ಟ್ ಅನ್ನು ಬದಲಿಸದಿರಲಿ. ಹೆಸರು ಮತ್ತು ಅಂಕಗಳನ್ನು ಎರಡು ಲಿಸ್ಟ್‌ಗಳಲ್ಲಿ ಬೇರೆಬೇರೆ ಇಡುವುದಕ್ಕಿಂತ ಜೋಡಿಯಾಗಿ ಟ್ಯೂಪಲ್‌ನಲ್ಲಿ ಇಟ್ಟರೆ, ಕ್ರಮ ಬದಲಾದರೂ ಯಾರ ಅಂಕವೂ ಅದಲುಬದಲಾಗುವುದಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ಇದೇ ವಿಷಯಕ್ಕೆ ಸಂಬಂಧಿಸಿದ ಸಂದೇಹ. ಅಂಕ ಸೇರಿಸುವ ನನ್ನ ಫಂಕ್ಷನ್‌ನಲ್ಲಿ ಎರಡನೆಯ ಪ್ಯಾರಾಮೀಟರಿಗೆ ಖಾಲಿ ಲಿಸ್ಟ್ ಅನ್ನು ಡಿಫಾಲ್ಟ್ ಆಗಿ ಕೊಟ್ಟಿದ್ದೇನೆ. ಮೊದಲು 72 ಕೊಟ್ಟು ಕರೆದರೆ [72] ಬರುತ್ತದೆ. ಮತ್ತೆ 91 ಮಾತ್ರ ಕೊಟ್ಟು ಕರೆದರೆ [91] ಬರಬೇಕಿತ್ತು, ಆದರೆ [72, 91] ಬರುತ್ತಿದೆ.

ಉತ್ತರ: ಡಿಫಾಲ್ಟ್ ಬೆಲೆಯನ್ನು ಪೈಥಾನ್ ಪ್ರತಿ ಕರೆಯಲ್ಲೂ ಹೊಸದಾಗಿ ರಚಿಸುವುದಿಲ್ಲ. ಫಂಕ್ಷನ್ ಅನ್ನು ವ್ಯಾಖ್ಯಾನಿಸುವ ‘ಡೆಫ್’ (def) ಸಾಲು ಕಾರ್ಯಗತವಾಗುವಾಗ ಒಮ್ಮೆ ಮಾತ್ರ ರಚಿಸಿ, ಫಂಕ್ಷನ್ ಜೊತೆಗೇ ಕಾದಿಡುತ್ತದೆ. ಹಾಗಾಗಿ ನೀವು ಎರಡನೆಯ ಆರ್ಗ್ಯುಮೆಂಟ್ ಕೊಡದ ಎಲ್ಲ ಕರೆಗಳೂ ಅದೇ ಒಂದು ಲಿಸ್ಟ್ ಅನ್ನು ಹಂಚಿಕೊಳ್ಳುತ್ತವೆ. ಡಿಫಾಲ್ಟ್ ಬೆಲೆಯಾಗಿ ‘ನನ್’ ಇಡಿ; ಒಳಗೆ ಬಂದದ್ದು ‘ನನ್’ ಆಗಿದ್ದರೆ ಆಗ ಹೊಸ ಖಾಲಿ ಲಿಸ್ಟ್ ರಚಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವರು ‘ನನ್’ ಹೌದೇ ಎಂದು ನೋಡುವ ಬದಲು, ಬಂದದ್ದು ಖಾಲಿಯೇ ಎಂದಷ್ಟೇ ನೋಡಿ ಹೊಸ ಲಿಸ್ಟ್ ರಚಿಸುತ್ತಾರೆ. ಕರೆದವರು ತುಂಬಿಸಿಕೊಳ್ಳಲೆಂದೇ ತಮ್ಮ ಖಾಲಿ ಲಿಸ್ಟ್ ಅನ್ನು ಕೊಟ್ಟಿದ್ದರೆ, ಅದು ಖಾಲಿಯಾಗಿಯೇ ಉಳಿದು ಅಂಕಗಳು ಬೇರೆ ಲಿಸ್ಟ್‌ಗೆ ಸೇರಿಬಿಡುತ್ತವೆ. ಆದ್ದರಿಂದ ‘ಈಸ್ ನನ್’ ಎಂದೇ ಪರೀಕ್ಷಿಸಿ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಸರ್, ಸಾರ್ಟೆಡ್ ಬಳಸಿದ ಮೇಲೆ ಅಂಕಪಟ್ಟಿ ಸರಿಯಾಯಿತು. ಇನ್ನೊಂದು ಕಡೆ ಪ್ರತಿ ವಿದ್ಯಾರ್ಥಿಯ ಮೂರು ವಿಷಯಗಳ ಅಂಕಗಳು [[72, 80, 65], [91, 88, 79]] ಎಂಬಂತೆ ಲಿಸ್ಟ್‌ನೊಳಗೆ ಲಿಸ್ಟ್ ಆಗಿವೆ. ಫಂಕ್ಷನ್‌ನ ಮೊದಲ ಸಾಲಿನಲ್ಲೇ ಕಾಪಿ ಮೆಥಡ್‌ನಿಂದ ಪ್ರತಿ ಮಾಡಿಕೊಂಡರೂ, ಒಳಗೆ 65 ಅನ್ನು 70 ಮಾಡಿದರೆ ಹೊರಗೂ 70 ಆಗುತ್ತಿದೆ.

ಉತ್ತರ: ಕಾಪಿ ಮೆಥಡ್ ಹೊರಪದರದ ಲಿಸ್ಟ್ ಅನ್ನು ಮಾತ್ರ ಹೊಸದಾಗಿ ಮಾಡುತ್ತದೆ, ಅದರೊಳಗಿನ ಎರಡು ಲಿಸ್ಟ್‌ಗಳು ಮೂಲದವೇ. ಹೊಸ ಲಿಸ್ಟ್‌ಗೆ ಮೂರನೆಯ ವಿದ್ಯಾರ್ಥಿಯ ಸಾಲನ್ನು ಸೇರಿಸಿದರೆ ಮೂಲಕ್ಕೆ ಏನೂ ಆಗುವುದಿಲ್ಲ, ಆದರೆ ಒಳಗಿನ ಸಾಲೊಂದರ ಅಂಕವನ್ನು ತಿದ್ದಿದರೆ ಮೂಲದಲ್ಲೂ ತಿದ್ದುಪಡಿಯಾಗುತ್ತದೆ. ಎಲ್ಲ ಹಂತಗಳಲ್ಲೂ ಪ್ರತಿ ಬೇಕಿದ್ದರೆ ಕಾಪಿ ಮಾಡ್ಯೂಲ್‌ನ ಡೀಪ್‌ಕಾಪಿ ಇದೆ. ಆದರೆ ದೊಡ್ಡ ಲಿಸ್ಟ್‌ಗಳಿಗೆ ಅದು ಸಮಯವನ್ನೂ ಮೆಮೊರಿಯನ್ನೂ ಹೆಚ್ಚು ಬಳಸುತ್ತದೆ. ನಿಮ್ಮದು ಎರಡೇ ಹಂತದ ಲಿಸ್ಟ್ ಆದ್ದರಿಂದ, ಫಾರ್ ಲೂಪ್‌ನಲ್ಲಿ ಪ್ರತಿಯೊಂದು ಸಾಲಿನ ಮೇಲೂ ಕಾಪಿ ಮೆಥಡ್ ಕರೆದು ಹೊಸ ಲಿಸ್ಟ್ ಕಟ್ಟಿಕೊಂಡರೆ ಸಾಕು.