ಸೀರಿಯಲ್‌ನಲ್ಲಿ ನಾಯಕಿ ಪಾತ್ರ ಸಿಕ್ಕಿದೆ, ಅಗ್ರಿಮೆಂಟ್‌ಗೆ ಸಹಿ ಹಾಕೋ ಮುಂಚೆ ಏನೇನು ನೋಡಬೇಕು?

ಹಾಸನದವನು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 21 ವರ್ಷ, ಬಿ.ಕಾಂ. ಮುಗಿದಿದೆ. ಕಾಲೇಜು ನಾಟಕ ಬಿಟ್ಟರೆ ಬೇರೆ ಅನುಭವ ಇಲ್ಲ. ಬೆಂಗಳೂರಿನ ಒಂದು ಪ್ರೊಡಕ್ಷನ್ ಹೌಸ್‌ನವರು ಆಡಿಷನ್, ಲುಕ್ ಟೆಸ್ಟ್ (ಪಾತ್ರದ ವೇಷದಲ್ಲಿ ಕ್ಯಾಮೆರಾ ಮುಂದೆ ನಿಲ್ಲಿಸಿ ನೋಡುವುದು) ಎರಡೂ ಮುಗಿಸಿ, ಹೊಸ ಧಾರಾವಾಹಿಗೆ ನಾಯಕಿಯಾಗಿ ಆಯ್ಕೆ ಮಾಡಿದ್ದಾರೆ. ಅಗ್ರಿಮೆಂಟ್ ಕಳಿಸಿದ್ದಾರೆ, ಪೂರ್ತಿ ಇಂಗ್ಲಿಷ್‌ನಲ್ಲಿದೆ. ಅವಳಿಗೆ ಮುಂದೆ ಸಿನಿಮಾ ಮಾಡುವ ಆಸೆ. ಯಾವ ಷರತ್ತು ಗಮನಿಸಬೇಕು? ಸೀರಿಯಲ್‌ಗೆ ಹೋದರೆ ಸಿನಿಮಾ ದಾರಿ ಮುಚ್ಚುತ್ತದೆ ಅಂತಾರಲ್ಲ, ಅದು ನಿಜವೇ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಕಾಲ್‌ಶೀಟ್

ಮೊದಲು ತಂಗಿಗೆ ಅಭಿನಂದನೆ ಹೇಳಿ. ಲುಕ್ ಟೆಸ್ಟ್ ದಾಟುವುದು ಸಣ್ಣ ಮಾತಲ್ಲ.

ಅಗ್ರಿಮೆಂಟ್‌ನಲ್ಲಿ ಎಲ್ಲರ ಕಣ್ಣೂ ದಿನದ ಸಂಭಾವನೆ ಮೇಲೇ ಹೋಗುತ್ತದೆ. ಅದಕ್ಕಿಂತ ಮುಖ್ಯ, ತಿಂಗಳಿಗೆ ಕನಿಷ್ಠ ಎಷ್ಟು ದಿನ ಕೆಲಸ ಕೊಡುತ್ತಾರೆ ಎನ್ನುವುದು. ದಿನಕ್ಕೆ ಒಳ್ಳೆ ಮೊತ್ತ ಬರೆದು, ಕನಿಷ್ಠ ದಿನದ ಮಾತೇ ಇಲ್ಲದಿದ್ದರೆ, ಕಥೆ ಬೇರೆ ಪಾತ್ರದ ಕಡೆ ತಿರುಗಿದ ತಿಂಗಳು ಕೈಗೆ ನಾಲ್ಕೈದು ದಿನದ ಹಣ ಮಾತ್ರ ಬರುತ್ತದೆ. ಅಷ್ಟರಲ್ಲೂ ಬೇರೆ ಕೆಲಸ ಒಪ್ಪುವಂತಿಲ್ಲ. ಆದ್ದರಿಂದ ಕನಿಷ್ಠ ದಿನ ಬರೆಸಿ. ಆ ದಿನಗಳು ಸಿಗದಿದ್ದರೂ ಹಣ ಕೊಡಬೇಕು ಅನ್ನುವ ಸಾಲೂ ಇರಲಿ.

ಎರಡನೆಯದು ಎಕ್ಸ್‌ಕ್ಲೂಸಿವ್ ಷರತ್ತು. 'ಬೇರೆ ಚಾನೆಲ್‌ನ ಧಾರಾವಾಹಿ ಮಾಡಬಾರದು' ಅಂದರೆ ಒಪ್ಪಬಹುದು. ಸಿನಿಮಾ, ಜಾಹೀರಾತು, ವೆಬ್ ಸರಣಿ ಎಲ್ಲವನ್ನೂ ಸೇರಿಸಿದ್ದರೆ ಒಪ್ಪಬೇಡಿ. 'ಮುಂಚಿತವಾಗಿ ತಿಳಿಸಿ, ಧಾರಾವಾಹಿಯ ಡೇಟ್ಸ್‌ಗೆ ತೊಂದರೆಯಾಗದಂತೆ ಸಿನಿಮಾ ಮಾಡಬಹುದು' ಎಂದು ತಿದ್ದಿಸಿ. ಒಪ್ಪಂದ ಮುಗಿದ ಮೇಲೂ ಬೇರೆಡೆ ನಟಿಸಬಾರದು ಎನ್ನುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಒಪ್ಪಂದದ ಅವಧಿಯೊಳಗಿನ ನಿರ್ಬಂಧ ಮಾತ್ರ ನಿಲ್ಲುತ್ತದೆ, ಹಾಗಾಗಿ ಅವಧಿ ಎಷ್ಟು ವರ್ಷ ಅಂತ ಎರಡು ಸಲ ಓದಿ.

ಮೂರನೆಯದು, ಹೊರಬರುವ ದಾರಿ. ಅವರು ಯಾವಾಗ ಬೇಕಾದರೂ ಪಾತ್ರಧಾರಿಯನ್ನು ಬದಲಾಯಿಸಬಹುದು, ಇವಳು ಮಾತ್ರ ಬಿಡುವಂತಿಲ್ಲ, ಬಿಟ್ಟರೆ ದಂಡ ಎಂದು ಬರೆದಿರುವುದು ಮಾಮೂಲಿ. ಇಬ್ಬರಿಗೂ ಒಂದೇ ನೋಟಿಸ್ ಅವಧಿ ಇರಲಿ. ದಂಡ ಇದ್ದೇ ಇರುತ್ತದೆ ಎಂದರೆ ಮೊತ್ತವನ್ನು ಅಂಕಿಯಲ್ಲಿ ಬರೆಸಿ. 'ಆಗುವ ಎಲ್ಲ ನಷ್ಟ' ಅನ್ನುವ ಪದಕ್ಕೆ ಸಹಿ ಹಾಕಬೇಡಿ.

ಕಾಸ್ಟ್ಯೂಮ್ ಯಾರ ಖರ್ಚು ಅಂತಲೂ ಕೇಳಿ. ಎಷ್ಟೋ ಕಡೆ ಕಲಾವಿದರೇ ಸೀರೆ, ಬ್ಲೌಸ್, ಒಡವೆ ತರಬೇಕು. ಹಬ್ಬ, ಮದುವೆ ಎಪಿಸೋಡ್ ಬಂದರೆ ಸಂಭಾವನೆಯ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ನೇಪಥ್ಯ

ಸಿನಿಮಾ ದಾರಿ ಮುಚ್ಚುತ್ತದೆ ಅನ್ನುವುದು ಕನ್ನಡದ ಮಟ್ಟಿಗೆ ಸುಳ್ಳು. ಯಶ್, ರಾಧಿಕಾ ಪಂಡಿತ್ ಇಬ್ಬರೂ 'ನಂದಗೋಕುಲ' ಧಾರಾವಾಹಿಯಲ್ಲಿದ್ದವರು. 2008ರ 'ಮೊಗ್ಗಿನ ಮನಸು' ಇಬ್ಬರಿಗೂ ಸಿನಿಮಾದಲ್ಲಿ ನೆಲೆ ಕೊಟ್ಟಿತು. ರಚಿತಾ ರಾಮ್ 'ಅರಸಿ' ಧಾರಾವಾಹಿ ಮಾಡಿ 2013ರಲ್ಲಿ 'ಬುಲ್‌ಬುಲ್'ಗೆ ಬಂದರು. ದಾರಿ ಮುಚ್ಚುವುದು ಸೀರಿಯಲ್ಲಿನಿಂದಲ್ಲ, ಅಲ್ಲಿ ಅಂಟಿಕೊಳ್ಳುವ ಅಭ್ಯಾಸಗಳಿಂದ.

ಪ್ರಾಂಪ್ಟಿಂಗ್ ಅದರಲ್ಲಿ ಮೊದಲನೆಯದು. ಸೀನ್ ಪೇಪರ್, ಅಂದರೆ ಆ ದಿನದ ಸಂಭಾಷಣೆಯ ಹಾಳೆ, ಸೆಟ್ಟಿಗೆ ಬಂದ ಮೇಲೆ ಕೈಗೆ ಸಿಗುತ್ತದೆ, ಅಸಿಸ್ಟೆಂಟ್ ಡೈರೆಕ್ಟರ್ ಹಿಂದಿನಿಂದ ಸಾಲು ಹೇಳುತ್ತಾರೆ, ಕಲಾವಿದರು ಕೇಳಿ ಹೇಳುತ್ತಾರೆ. ಆರು ತಿಂಗಳು ಹೀಗೆ ನಡೆದರೆ ಕಿವಿ ಪ್ರಾಂಪ್ಟರ್ ಕಡೆಗೇ ಇರುತ್ತದೆ. ಎದುರಿನವರ ಮಾತು ಮುಗಿದ ಅರೆಕ್ಷಣ ಕಣ್ಣು ಖಾಲಿಯಾಗುವುದು ಕ್ಲೋಸಪ್‌ನಲ್ಲಿ ಸ್ಪಷ್ಟ ಕಾಣುತ್ತದೆ. ಸಿನಿಮಾ ನಿರ್ದೇಶಕರು ಆಡಿಷನ್‌ನಲ್ಲಿ ಮೊದಲು ಹಿಡಿಯುವುದು ಅದನ್ನೇ. ಪರಿಹಾರ ಇದೆ: ಮೇಕಪ್‌ಗೆ ಕೂತಾಗಲೇ ಪೇಪರ್ ಕೇಳಿ ಇಸಿದುಕೊಳ್ಳಬೇಕು. ತನ್ನ ಸಾಲಿನ ಜೊತೆ ಎದುರಿನವರ ಸಾಲಿನ ಕೊನೆಯ ಮೂರ್ನಾಲ್ಕು ಪದವನ್ನೂ ಬಾಯಿಪಾಠ ಮಾಡಬೇಕು. ಆಗ ಪ್ರಾಂಪ್ಟ್ ಬೇಕಾದರೂ ಆಸರೆಗೆ ಮಾತ್ರ.

ಇನ್ನೊಂದು, ಎಲ್ಲ ಭಾವವನ್ನೂ ಹುಬ್ಬಿನಲ್ಲಿ ತೋರಿಸುವುದು. ಧಾರಾವಾಹಿಯಲ್ಲಿ ಒಂದು ಮಾತಿಗೆ ಸುತ್ತಲಿನ ಎಲ್ಲರ ರಿಯಾಕ್ಷನ್ ಶಾಟ್ ತೆಗೆಯುತ್ತಾರೆ, ಹಾಗಾಗಿ ಮುಖ ದೊಡ್ಡದಾಗಿ ಆಡುತ್ತದೆ. ದೊಡ್ಡ ಪರದೆಯಲ್ಲಿ ಅದು ಕಿರುಚಿದಂತೆ ಕಾಣುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಸಾಧ್ಯವಾದರೆ ಮೊದಲು ಹೆಗ್ಗೋಡು. ಅಲ್ಲಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ, ಅಲ್ಲೇ ಉಳಿದು ಕಲಿಯುವ ಕೋರ್ಸ್. ನಟರಾದ ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಲ್ಲಿಂದ ಬಂದವರೇ. ದೇಹ, ಧ್ವನಿ, ಮಾತಿನ ಉಸಿರು ಅಲ್ಲಿ ಕೂರುವಷ್ಟು ಗಟ್ಟಿಯಾಗಿ ಸೆಟ್ಟಿನಲ್ಲಿ ಕೂರುವುದಿಲ್ಲ.

ಕಾಲ್‌ಶೀಟ್

@ನೇಪಥ್ಯ ಅವರೇ, ನೀನಾಸಂ ಬಗ್ಗೆ ಎರಡು ಮಾತಿಲ್ಲ. ಆದರೆ ಕೈಗೆ ಬಂದ ನಾಯಕಿ ಪಾತ್ರ ಬಿಟ್ಟು ಹೋಗಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮಾರ್ಕ್ ಮೇಲೆ (ನೆಲದಲ್ಲಿ ಗುರುತು ಮಾಡಿದ ಜಾಗದಲ್ಲೇ) ನಿಲ್ಲುವುದು, ಲೈಟ್ ಹುಡುಕಿಕೊಳ್ಳುವುದು, ಲಾಂಗ್ ಶಾಟ್‌ನಲ್ಲಿ ಯಾವ ಪದಕ್ಕೆ ಲೋಟ ಎತ್ತಿದಳೋ ಕ್ಲೋಸಪ್‌ನಲ್ಲೂ ಅದೇ ಪದಕ್ಕೆ, ಅದೇ ಕೈಯಲ್ಲಿ ಎತ್ತುವುದು, ಇವೆಲ್ಲ ಕ್ಯಾಮೆರಾ ಮುಂದೆ ಗಂಟೆಗಟ್ಟಲೆ ನಿಂತೇ ಬರಬೇಕು. ಬಿಡುವಿನ ದಿನಗಳಲ್ಲಿ ಬೆಂಗಳೂರಿನದೇ ಒಂದು ತಂಡದ ಜೊತೆ ನಾಟಕ ಮಾಡಲಿ.

ಹಾಸನದವನು

ತುಂಬಾ ಉಪಕಾರವಾಯಿತು. ಅಗ್ರಿಮೆಂಟ್‌ನಲ್ಲಿ ಹಣ ಯಾವಾಗ ಬರುತ್ತದೆ ಅಂತ ಸ್ಪಷ್ಟ ಇಲ್ಲ. ಟಿಡಿಎಸ್ (ಕೊಡುವ ಮೊದಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿಯುತ್ತೇವೆ ಅಂದಿದ್ದಾರೆ. ಜೊತೆಗೆ ಮಧ್ಯೆ ಇರುವ ಕೋ-ಆರ್ಡಿನೇಟರ್ ಒಬ್ಬರು 'ಕಾರ್ಡ್ ಮಾಡಿಸಲು' ಮುಂಗಡ ಕೇಳುತ್ತಿದ್ದಾರೆ.

ಲೆಕ್ಕದ ಪುಸ್ತಕ

ಮುಂಗಡ ಕೊಡಬೇಡಿ. ಆಯ್ಕೆ ಮಾಡಿದವರು ಕಲಾವಿದರಿಗೆ ಹಣ ಕೊಡಬೇಕು, ಅವರಿಂದ ಕೇಳಬಾರದು. ಕೋ-ಆರ್ಡಿನೇಟರ್‌ಗೆ ಕಮಿಷನ್ ಇದ್ದರೆ ಅದು ಸಂಭಾವನೆ ಬ್ಯಾಂಕಿಗೆ ಬಂದ ಮೇಲೆ, ಬರೆದುಕೊಂಡ ಶೇಕಡಾವಾರಿನಂತೆ. ಅವರು ಹೇಳುವ 'ಕಾರ್ಡ್', ಅಂದರೆ ಕಲಾವಿದರ ಸಂಘದ ಸದಸ್ಯತ್ವ, ನಿಜಕ್ಕೂ ಬೇಕಿದ್ದರೆ ಸಂಘದ ಕಚೇರಿಗೇ ಹೋಗಿ ಕಟ್ಟಿ ರಸೀದಿ ತನ್ನಿ.

ಕೆಲಸ ಮಾಡಿದ ತಿಂಗಳ ಹಣ ಒಂದೆರಡು ತಿಂಗಳು ತಡವಾಗಿ ಬರುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಆದ್ದರಿಂದ 'ಬಿಲ್ ಕೊಟ್ಟ ಇಷ್ಟು ದಿನದೊಳಗೆ' ಎಂದು ಬರೆಸಿ. ಬೆಂಗಳೂರಿನಲ್ಲಿ ಬಾಡಿಗೆ, ಓಡಾಟಕ್ಕೆ ಮೊದಲ ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಲಿ. ಒಂದು ಡೈರಿ ಇಡಿ: ತಾರೀಖು, ಸೆಟ್ಟಿಗೆ ಬಂದ ಸಮಯ, ಪ್ಯಾಕಪ್ ಸಮಯ, ಸೀನ್ ಸಂಖ್ಯೆ. ವಾರಕ್ಕೊಮ್ಮೆ ಪ್ರೊಡಕ್ಷನ್ ಮ್ಯಾನೇಜರ್‌ಗೆ ಅದರ ಫೋಟೋ ವಾಟ್ಸಾಪ್ ಮಾಡಿ 'ಸರಿ ಇದೆಯಾ ಸರ್' ಅಂತ ಕೇಳಿದರೆ ಸಾಕು. ಹಣದ ತಕರಾರು ಬಹುಪಾಲು ಹುಟ್ಟುವುದು ದಿನದ ಲೆಕ್ಕ ಇಬ್ಬರ ಹತ್ತಿರ ಬೇರೆಬೇರೆ ಇದ್ದಾಗ. ಆ ಉತ್ತರವೇ ಆಮೇಲೆ ದಾಖಲೆ.

ಕಲಾವಿದರ ಸಂಭಾವನೆಗೆ ಟಿಡಿಎಸ್ ಶೇ 10. ಪ್ಯಾನ್ ಕೊಡದಿದ್ದರೆ ಶೇ 20 ಹಿಡಿಯುತ್ತಾರೆ, ಮೊದಲ ದಿನವೇ ಕೊಟ್ಟುಬಿಡಿ. ಹಿಡಿದದ್ದನ್ನು ಕಟ್ಟಿದ್ದಾರೋ ಇಲ್ಲವೋ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅವಳ ಪ್ಯಾನ್‌ನ ತೆರಿಗೆ ಕಡಿತದ ವಿವರ ತೆಗೆದು ನೋಡುತ್ತಿರಿ. ಕಟ್ಟಿಲ್ಲದಿದ್ದರೆ ವರ್ಷದ ಕೊನೆಯವರೆಗೆ ಕಾಯದೆ ಆಗಲೇ ಅಕೌಂಟ್ಸ್‌ನವರಿಗೆ ಮೇಲ್ ಹಾಕಿ. ಅಂದಾಜು ತೆರಿಗೆ ಪದ್ಧತಿ ಸೀರಿಯಲ್ ನಟನೆಗೂ ಸಿಗುತ್ತದೆಯೇ ಎಂದು ತೆರಿಗೆ ಸಲಹೆಗಾರರನ್ನು ಕೇಳಿ: ಬಂದ ಹಣದ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸೀರೆ, ಒಡವೆ, ಪೆಟ್ರೋಲಿನ ಒಂದೊಂದು ರಸೀದಿಯನ್ನೂ ಲೆಕ್ಕಕ್ಕೆ ಹಿಡಿಯುವ ಕೆಲಸ ತಪ್ಪುತ್ತದೆ. ಖರ್ಚು ಅರ್ಧಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಪೂರ್ತಿ ಲೆಕ್ಕ ಇಡುವುದು ಲಾಭ.

ನೇಪಥ್ಯ

ಒಂದು ಮಾತು ಬಿಟ್ಟುಹೋಗಿತ್ತು. ಪ್ರಸಾರ ಶುರುವಾದ ಮೇಲೆ ಗುರುವಾರ ರೇಟಿಂಗ್ ಬರುತ್ತದೆ, ಸೆಟ್ಟಿನ ಮುಖಗಳೆಲ್ಲ ಅದರಂತೆ ಬದಲಾಗುತ್ತವೆ. ಕಥೆ, ಟೈಮ್ ಸ್ಲಾಟ್, ಎದುರು ಚಾನೆಲ್‌ನಲ್ಲಿ ಏನಿದೆ ಎಲ್ಲವೂ ಸೇರಿ ಬರುವ ಅಂಕಿ ಅದು. 21ರ ಹುಡುಗಿ ಅದನ್ನು ತನ್ನ ಅಭಿನಯದ ಅಂಕಪಟ್ಟಿ ಎಂದುಕೊಳ್ಳದಂತೆ ಮನೆಯವರು ನೋಡಿಕೊಳ್ಳಿ. ಅದರ ಬದಲು ವಾರಕ್ಕೊಂದು ಒಳ್ಳೆ ದೃಶ್ಯವನ್ನು ಕತ್ತರಿಸಿ ಇಟ್ಟುಕೊಳ್ಳಲಿ: ಹಿನ್ನೆಲೆ ಸಂಗೀತ ಕಡಿಮೆ ಇರುವುದು, ಪೂರ್ತಿ ಸಾಲು ಒಂದೇ ಶಾಟ್‌ನಲ್ಲಿ ಇರುವುದು. ಸಿನಿಮಾದವರಿಗೆ ಕಳಿಸಲು ಎರಡು ನಿಮಿಷದ ಅಂಥ ಶೋರೀಲ್ (ಒಳ್ಳೆ ದೃಶ್ಯಗಳನ್ನು ಜೋಡಿಸಿದ ವಿಡಿಯೋ) ಬೇಕು. ಅದನ್ನು ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ವಾಟ್ಸಾಪ್ ಗುಣಮಟ್ಟ ಕುಗ್ಗಿಸಿ ಅವಳ ಕಣ್ಣಿನ ಭಾವವೇ ಮಸುಕಾಗುತ್ತದೆ.